ಟೀಪುಡಿ ಡಬ್ಬಿಯ ಕಂಪ್ರೆಸರ್

ಈಗಿನ ಗಿಟಾರಿನವರು ಕಾಲಡಿಯಲ್ಲಿ ಬಣ್ಣಬಣ್ಣದ ಡಬ್ಬಿಗಳನ್ನು ಸಾಲಾಗಿ ಜೋಡಿಸಿಕೊಂಡು ಕೂರುತ್ತಾರೆ. ಒಂದನ್ನು ತುಳಿದರೆ ಈಗಷ್ಟೇ ಬಾರಿಸಿದ್ದು ತಾನಾಗಿ ಮತ್ತೆ ಮತ್ತೆ ಸುತ್ತುತ್ತದೆ. ಇನ್ನೊಂದನ್ನು ತುಳಿದರೆ ಜೋರು, ಮೆತ್ತಗೆ ಎಲ್ಲವೂ ಒಂದೇ ಮಟ್ಟಕ್ಕೆ ಬರುತ್ತದೆ. ಅದನ್ನು ತೋರಿಸಿ ಯಾರಾದರೂ "ಎಂಥಾ ಟೆಕ್ನಾಲಜಿ ಅಲ್ವಾ ಸಾರ್" ಎಂದರೆ ನಾನು ಹೂಂ ಎಂದು ಸುಮ್ಮನಾಗುತ್ತೇನೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸಾಗರದಲ್ಲಿ ಕೂತು ನಾನು ಆ ಎರಡೂ ಕೆಲಸಗಳನ್ನು ಒಂದು ಹಳೆಯ ಸ್ಪೂಲ್ ಟೇಪ್‌ರೆಕಾರ್ಡರಿನಿಂದಲೂ ಒಂದು ಟೀಪುಡಿ ಡಬ್ಬಿಯಿಂದಲೂ ಮಾಡಿಸಿದ್ದೆ. ಹೆಮ್ಮೆಗೆ ಹೇಳುತ್ತಿಲ್ಲ. ಆ ಡಬ್ಬಿಯನ್ನು ಮಾಡಿದ್ದು ಸಂಗೀತದ ಉದ್ಧಾರಕ್ಕಲ್ಲ, ಒಬ್ಬನ ಕೈಯನ್ನು ಮುಚ್ಚಿಡುವುದಕ್ಕೆ.

ನಾನು ಆಗ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಬಿಡುವಿನಲ್ಲಿ ಒಂದು ಆರ್ಕೆಸ್ಟ್ರಾದ ಮೈಕು, ಆಂಪ್ಲಿಫೈಯರು, ವೈರು ನೋಡಿಕೊಳ್ಳುತ್ತಿದ್ದೆ. ನನಗೆ ಒಂದು ವಾದ್ಯವೂ ಬಾರದು, ಹಾಡಂತೂ ಕೇಳುವುದೇ ಬೇಡ. ಎಲ್ಲಿ ಗುಂಯ್ ಎನ್ನುತ್ತಿದೆ, ಯಾವ ವೈರು ಬಿಟ್ಟಿದೆ ಎನ್ನುವುದು ಮಾತ್ರ ಬೇಗ ತಿಳಿಯುತ್ತಿತ್ತು. ಆರ್ಕೆಸ್ಟ್ರಾ ನಡೆಸುತ್ತಿದ್ದವರು ಪೇಟೆಯಲ್ಲಿ ಫೋಟೋ ಸ್ಟುಡಿಯೊ ಇಟ್ಟುಕೊಂಡಿದ್ದವರು, ಅವರೇ ಮುಖ್ಯ ಗಾಯಕರು. ನಾವೆಲ್ಲ ಅವರನ್ನು ಯಜಮಾನ್ರು ಎಂದೇ ಕರೆಯುತ್ತಿದ್ದೆವು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ಊರುಗಳ ಮದುವೆ ರಿಸೆಪ್ಷನ್ನು, ಗಣಪತಿ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ, ಅಲ್ಲಿಗೆ ನಮ್ಮ ಸಾಮ್ರಾಜ್ಯ ಮುಗಿಯುತ್ತಿತ್ತು. ಶಿವಮೊಗ್ಗದವರು ನಮ್ಮನ್ನು ಮೂಸಿಯೂ ನೋಡುತ್ತಿರಲಿಲ್ಲ.

ರಿದಮ್ ಗಿಟಾರ್ ಬಾರಿಸುತ್ತಿದ್ದವನು ಹೊಸನಗರದ ನನ್ನ ಗೆಳೆಯ. ಜೈನರ ಮನೆ, ಪೇಟೆಯಲ್ಲಿ ಬಟ್ಟೆ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅವನ ತಲೆಗೆ ಬಂತು. ಹಗಲು ಬಟ್ಟೆ ಅಳೆದು ಕತ್ತರಿಸುವುದು, ಕಾರ್ಯಕ್ರಮ ಇದ್ದ ದಿನ ಮಧ್ಯಾಹ್ನವೇ ಬಾಗಿಲು ಹಾಕಿ, ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತುವುದು. ಬಟ್ಟೆಮಲ್ಲಪ್ಪ ಎಂಬ ಊರಿನ ಮೇಲೆ ಸಾಗರಕ್ಕೆ ಬರುವ ಆ ಬಸ್ಸಿನ ಕಂಡಕ್ಟರುಗಳಿಗೆಲ್ಲ ಅವನು ಗೊತ್ತು. ಅದು ಮಗುವೋ ಹೆಣವೋ ಎಂದು ಅವರು ತಮಾಷೆ ಮಾಡುತ್ತಿದ್ದರು.

ರಿದಮ್ ಗಿಟಾರಿನವನನ್ನು ಸಭೆಯಲ್ಲಿ ಯಾರೂ ನೋಡುವುದಿಲ್ಲ. ಆದರೆ ಹಾಡು ಕೂರುವುದು ಅವನ ಮೇಲೆ. ಇವನ ಕೈಯಲ್ಲಿ ಒಂದು ಗುಣ ಇತ್ತು. ಒಂದು ಪೆಟ್ಟು ಗಟ್ಟಿಯಾಗಿ ಬಿದ್ದರೆ ಅದರ ಮುಂದಿನದು ತಂತಿಯನ್ನು ಮುಟ್ಟಿತೋ ಇಲ್ಲವೋ ಎನ್ನುವಷ್ಟು ಮೆತ್ತಗೆ ಬರುತ್ತಿತ್ತು. ಆ ಮೆತ್ತನೆಯ ಪೆಟ್ಟಿಗಾಗಿ ಕಿವಿ ತಾನಾಗಿ ಮುಂದೆ ಬಾಗುತ್ತಿತ್ತು. ಸಂಗೀತ ಬಾರದ ನನಗೂ ಅದು ಗೊತ್ತಾಗುತ್ತಿತ್ತು ಎಂದ ಮೇಲೆ ಅದರಲ್ಲಿ ಏನೋ ಇದ್ದಿರಬೇಕು.

ಜೈನರ ಪದ್ಧತಿಯಂತೆ ಅವನದು ಹೊತ್ತು ಮುಳುಗುವ ಮೊದಲೇ ಊಟ, ಆಮೇಲೆ ಏನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಸಂಜೆ ಕಾರ್ಯಕ್ರಮ ಇದ್ದ ದಿನ ನಮ್ಮ ಎಲ್ಲ ಏರ್ಪಾಡೂ ಅವನ ಊಟದ ಸುತ್ತ ತಿರುಗುತ್ತಿತ್ತು. ನಾವು ವೈರು ಎಳೆಯುತ್ತಿದ್ದಾಗ ಅವನು ಸ್ಟೇಜಿನ ಹಿಂದೆ ಕೂತು ತಾಯಿ ಕಟ್ಟಿಕೊಟ್ಟ ಬುತ್ತಿ ಬಿಚ್ಚುತ್ತಿದ್ದ. ಕಾರ್ಯಕ್ರಮ ಮುಗಿದು ನಾವೆಲ್ಲ ಎಲೆ ಮುಂದೆ ಕೂತಾಗ ಅವನು ಒಬ್ಬನೇ ಸ್ಟೇಜಿನ ಮೇಲೆ ಉಳಿದು ವೈರುಗಳನ್ನು ಮೊಣಕೈಗೆ ಸುತ್ತುತ್ತಿದ್ದ. "ನಿಮ್ಗೆ ಹೋಳಿಗೆ, ನಂಗೆ ವೈರು. ಉಣ್ಣಿ ಉಣ್ಣಿ," ಎನ್ನುತ್ತಿದ್ದ. ನನಗಿಂತ ಚೆನ್ನಾಗಿ ಸುತ್ತುತ್ತಿದ್ದ.

ಎಡವಟ್ಟು ಮೊದಲು ಕಾಣಿಸಿದ್ದು ಸಾಗರದ ಒಂದು ರಿಸೆಪ್ಷನ್ನಿನಲ್ಲಿ. ಮೆತ್ತಗೆ ಬರಬೇಕಾದ ಪೆಟ್ಟು ಕೆನ್ನೆಗೆ ಬಾರಿಸಿದ ಹಾಗೆ ಬಂತು. ಯಜಮಾನರು ಹಾಡುತ್ತಲೇ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದರು. ಏನು ಕೆಟ್ಟರೂ ಅದು ನನ್ನ ಆಂಪ್ಲಿಫೈಯರಿನದೇ ಎಂಬುದು ಅವರ ಸಿದ್ಧಾಂತ. ನಾನು ವೈರಿಗೆ ಕೈಯಾಡಿಸಿ, ಸರಿಮಾಡಿದ ಹಾಗೆ ನಟಿಸಿದೆ. ವೈರು ಸರಿಯಾಗಿಯೇ ಇತ್ತು. ಅದಾದ ಮೇಲೆ ಪ್ರತಿ ಕಾರ್ಯಕ್ರಮದಲ್ಲೂ ಹಾಡಿನ ಮೊದಲ ಭಾಗ ಸರಿಯಾಗಿದ್ದು, ಬರಬರುತ್ತಾ ಅಂಥ ಪೆಟ್ಟುಗಳು ಬೀಳತೊಡಗಿದವು. ನಡುವೆ ಕೆಲವು ಪೆಟ್ಟು ಬರುತ್ತಲೇ ಇರಲಿಲ್ಲ.

ಕಾರಣ ತಿಳಿದದ್ದು ಅವನ ಅಂಗಡಿಯಲ್ಲಿ. ನಾನು ಹೊಸನಗರಕ್ಕೆ ಹೋದವನು ಹಾಗೇ ಅಲ್ಲಿ ಕೂತಿದ್ದೆ. ಗಿರಾಕಿಯೊಬ್ಬರಿಗೆ ಅಂಗಿ ಬಟ್ಟೆ ಅಳೆದ. ಕತ್ತರಿಯನ್ನು ಅರ್ಧ ತೆರೆದು ಹಿಡಿದು ಬಟ್ಟೆಯ ಉದ್ದಕ್ಕೂ ಒಂದೇ ಉಸಿರಿಗೆ ನೂಕುವುದು ಅವನ ಪದ್ಧತಿ. ಅವತ್ತು ಅಂಚಿಗೆ ಸಣ್ಣದೊಂದು ಕಚ್ಚು ಹಾಕಿ, ಉಳಿದದ್ದನ್ನು ಎರಡು ಕೈಯಲ್ಲಿ ಪರ್ರನೆ ಹರಿದುಕೊಟ್ಟ. ಗಿರಾಕಿ ಹೋದ ಮೇಲೆ ಕೇಳಿದೆ.

"ಕತ್ರಿಗೆ ಎಂತ ಆಗಿದೆ?"

"ಕತ್ರಿಗೆ ಎಂತದೂ ಆಗಿಲ್ಲ ಮಾರಾಯ." ಬಲಗೈಯನ್ನು ಬಟ್ಟೆಯ ಥಾನಿನ ಮೇಲಿಟ್ಟು ಅದನ್ನೇ ನೋಡಿದ. "ಇದು ಇದೆಯಲ್ಲ, ಇದು ಹೇಳಿದ್ ಕೇಳಲ್ಲ. ಹಿಡ್ಕ ಅಂದ್ರೆ ಮುಷ್ಟಿ ಕಟ್ಟತ್ತೆ. ಬಿಡು ಅಂದ್ರೆ ಬಿಡಲ್ಲ."

ಯಾರಿಗೂ ಹೇಳದೆ ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದ್ದನಂತೆ. ಅವರು ನರದ್ದು ಎಂದು ಮಾತ್ರೆ ಬರೆದುಕೊಟ್ಟು, ಕೈಗೆ ವಿಶ್ರಾಂತಿ ಕೊಡಿ ಎಂದಿದ್ದರು. ಮಾತ್ರೆ ಮುಗಿದಿತ್ತು. ವಿಶ್ರಾಂತಿ ಕೊಡುವುದು ಹೇಗೆಂದು ಡಾಕ್ಟರು ಹೇಳಿರಲಿಲ್ಲ.

"ಅಮ್ಮಂಗೆ ಗೊತ್ತಾ?"

"ಗೊತ್ತಾದ್ರೆ ಮೊದ್ಲು ಗಿಟಾರ್ ಅಟ್ಟ ಹತ್ತತ್ತೆ. ಅಂಗ್ಡಿ ಬಿಡು ಅಂತ ಯಾರಾದ್ರೂ ಹೇಳ್ತಾರಾ? ಯಜಮಾನ್ರಿಗೂ ಹೇಳ್ಬೇಡ." ಥಾನನ್ನು ಎಡಗೈಯಿಂದ ಸುತ್ತಿಡುತ್ತಾ ಹೇಳಿದ. "ಅಂಗ್ಡೀಲಿ ಕೂತ್ರೆ ನಾನು ಅಪ್ಪನ ಮಗ. ಸ್ಟೇಜ್ ಮೇಲೆ ಮಾತ್ರ ನಾನು ನಾನು. ಅದೊಂದ್ ಹೋಗದ್ ಬೇಡ."

ಹೋಗುವ ಲಕ್ಷಣವೇ ಇತ್ತು. ಯಜಮಾನರು ಶಿವಮೊಗ್ಗದಲ್ಲಿ ಯಾರದೋ ಕೀಬೋರ್ಡ್ ನೋಡಿ ಬಂದು, ಅದರಲ್ಲಿ ರಿದಮ್ಮೆಲ್ಲ ಗುಂಡಿ ಒತ್ತಿದರೆ ಬರುತ್ತದೆ, ಗಿಟಾರಿನವನೇ ಬೇಕಿಲ್ಲ ಎಂದು ಸ್ಟುಡಿಯೊದಲ್ಲಿ ಕೂತು ಎರಡೆರಡು ಸಲ ಹೇಳಿದ್ದರು. ಇವನ ಕೈಯ ಸಂಗತಿ ಅವರಿಗೆ ಗೊತ್ತಾದರೆ ಮಾರನೆಯ ದಿನವೇ ಕೀಬೋರ್ಡ್ ಬರುತ್ತಿತ್ತು.

ಕೈ ಪೂರ್ತಿ ಹಾಡಿಗೆ ಬಾರದಿದ್ದರೂ ಶುರುವಿನ ಸ್ವಲ್ಪ ಹೊತ್ತಿಗೆ ಬರುತ್ತದಲ್ಲ, ಅಷ್ಟನ್ನೇ ಹಿಡಿದು ತಿರುಗಿಸಿದರೆ? ನನಗೆ ಹೊಳೆದದ್ದು ಇಷ್ಟೇ. ಹಾಡುವವರ ದನಿ ಮಾರ್ದನಿಸಲೆಂದು ನಮ್ಮಲ್ಲಿದ್ದ ಎಕೋ ಮಷಿನ್ನಿನೊಳಗೂ ಒಂದು ಟೇಪಿನ ತುಂಡು ಸುತ್ತುತ್ತಲೇ ಇರುತ್ತದೆ. ನಾನು ಹಳೆಯ ಸ್ಪೂಲ್ ರೆಕಾರ್ಡರನ್ನು ಬಿಚ್ಚಿ, ಉದ್ದನೆಯ ಟೇಪನ್ನು ತುದಿಗೆ ತುದಿ ಅಂಟಿಸಿ ಮಾಲೆ ಮಾಡಿದೆ. ಮಾಲೆ ರೆಕಾರ್ಡರಿನಿಂದ ಹೊರಟು, ಪಕ್ಕದ ಮೈಕ್ ಸ್ಟ್ಯಾಂಡಿನ ಕಂಬಿಯನ್ನು ಸುತ್ತಿ ವಾಪಸು ಬರುತ್ತಿತ್ತು. ಒಂದು ಕಾಲ್‌ಸ್ವಿಚ್ಚು ಇಟ್ಟೆ. ಅದನ್ನು ಒತ್ತುವವರೆಗೆ ಬಾರಿಸಿದ್ದೆಲ್ಲ ಟೇಪಿಗೆ ಹೋಗುತ್ತದೆ, ಒತ್ತಿದ ಮೇಲೆ ಹೊಸದು ಯಾವುದೂ ಹೋಗದೆ ಆ ಒಂದು ಸುತ್ತೇ ತಿರುಗುತ್ತಿರುತ್ತದೆ. ಮತ್ತೆ ಒತ್ತಿದರೆ ಅಳಿಸಿಹೋಗುತ್ತದೆ. ಹಾಡಿನ ವೇಗಕ್ಕೆ ತಕ್ಕ ಹಾಗೆ ಬೇರೆಬೇರೆ ಉದ್ದದ ಮಾಲೆಗಳನ್ನು ಮಾಡಿ ಮೊಳೆಗೆ ನೇತುಹಾಕಿದೆ. ಸ್ವಿಚ್ಚು ತುಳಿಯುವವನು ನಾನು. ಅವನು ಒಂದು ಸುತ್ತು ಬಾರಿಸಿ ತಲೆಯಾಡಿಸಬೇಕು, ನಾನು ಒತ್ತಬೇಕು, ಅವನು ಆಮೇಲೆ ಬಾರಿಸುವ ಹಾಗೆ ಕೈಯಾಡಿಸುತ್ತಿರಬೇಕು.

ಯಜಮಾನರಿಗೆ ಇದು ಹೊಸ ಎಫೆಕ್ಟು ಎಂದು ಹೇಳಿದೆವು. ಎಫೆಕ್ಟು ಎಂದರೆ ಅವರಿಗೆ ಪಂಚಪ್ರಾಣ. ಡ್ರಮ್ಸಿನವನು ಮಾತ್ರ, ಇನ್ನು ಮಷಿನ್ನನ್ನು ಹಿಂಬಾಲಿಸಬೇಕು ಎಂದಾಗ ಮುಖ ಊದಿಸಿಕೊಂಡ.

ತೊಂದರೆ ಬೇರೆ ಕಡೆ ಇತ್ತು. ಒಂದು ಸುತ್ತಿನಲ್ಲೇ ಒಂದು ಪೆಟ್ಟು ಗುಡುಗಿ, ಇನ್ನೊಂದು ಕೇಳಿಸದೆ ಹೋದರೆ, ಅದೇ ಗುಡುಗು ಅದೇ ಜಾಗದಲ್ಲಿ ಹಾಡಿನುದ್ದಕ್ಕೂ ಬರುತ್ತದೆ. ಒಮ್ಮೆ ತಪ್ಪಿದರೆ ಜನ ಮರೆಯುತ್ತಾರೆ, ಅದೇ ತಪ್ಪು ಸುತ್ತಿ ಸುತ್ತಿ ಬಂದರೆ ಕಿವುಡನಿಗೂ ಗೊತ್ತಾಗುತ್ತದೆ. ಸಾಲದ್ದಕ್ಕೆ ಗಟ್ಟಿ ಪೆಟ್ಟು ಟೇಪಿನಲ್ಲಿ ಒಡೆದ ಮಡಕೆಯಂತೆ ಕೇಳುತ್ತಿತ್ತು, ಮೆತ್ತನೆಯದು ಟೇಪಿನ ಸುಯ್ ಎನ್ನುವ ಸದ್ದಿನಡಿ ಹೂತುಹೋಗುತ್ತಿತ್ತು. ಎರಡನ್ನೂ ಒಂದು ಮಟ್ಟಕ್ಕೆ ತರಲೇಬೇಕಿತ್ತು.

ಅದಕ್ಕೆ ಮಾಡಿದ್ದು ಟೀಪುಡಿ ಡಬ್ಬಿ. ಒಳಗೆ ಒಂದು ಕೆಂಪು ದೀಪ, ಅದರ ಎದುರು ಬೆಳಕನ್ನು ಗುರುತಿಸುವ ಪುಟ್ಟ ಬಿಲ್ಲೆ. ಗಿಟಾರ್ ಜೋರಾದರೆ ದೀಪ ಹೊತ್ತಿಕೊಳ್ಳುತ್ತದೆ, ಬಿಲ್ಲೆ ಅದನ್ನು ಕಂಡು ಧ್ವನಿಯನ್ನು ಅದುಮುತ್ತದೆ. ಗಿಟಾರ್ ಮೆತ್ತಗಾದರೆ ದೀಪ ಆರಿ, ಧ್ವನಿ ತಾನಾಗಿ ಮೇಲೇಳುತ್ತದೆ. ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಇದಕ್ಕೆ ಕಂಪ್ರೆಸರ್ ಎಂದು ಹೆಸರು ಕೊಟ್ಟು ಚಿತ್ರ ಹಾಕಿದ್ದರು. ಆ ಚಿತ್ರದಲ್ಲಿದ್ದ ಅರ್ಧ ಬಿಡಿಭಾಗ ಸಾಗರದಲ್ಲೇನು, ಶಿವಮೊಗ್ಗದಲ್ಲೂ ಸಿಗುತ್ತಿರಲಿಲ್ಲ. ಹಳೆಯ ರೇಡಿಯೊಗಳನ್ನು ಕಿತ್ತು ಹೇಗೋ ಹೊಂದಿಸಿದೆ. ದೀಪ ಕಾಣಲೆಂದು ಮುಚ್ಚಳಕ್ಕೆ ಒಂದು ತೂತು ಕೊರೆದೆ.

ಮೊದಲು ಅದನ್ನು ಟೇಪಿನ ನಂತರ ಜೋಡಿಸಿ ಪೆಚ್ಚಾದೆ. ಗಿಟಾರ್ ನಿಂತ ಕ್ಷಣ ಡಬ್ಬಿ ಟೇಪಿನ ಸುಯ್ ಸದ್ದನ್ನೇ ಎತ್ತಿ ಎತ್ತಿ ಕೊಡುತ್ತಿತ್ತು, ಯಾರೋ ಉಬ್ಬಸದವರು ಪಕ್ಕದಲ್ಲಿ ಮಲಗಿದ ಹಾಗೆ. ಗಿಟಾರ್, ಆಮೇಲೆ ಡಬ್ಬಿ, ಆಮೇಲೆ ಟೇಪು, ಕೊನೆಗೆ ಆಂಪ್ಲಿಫೈಯರು ಎಂದು ಸಾಲು ಬದಲಿಸಿದ ಮೇಲೆ ಸರಿಹೋಯಿತು.

ಒಂದು ಭಾನುವಾರ ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದೆವು. ಅವನು ಒಂದು ಸುತ್ತು ಬಾರಿಸಿದ. ಗುಡುಗಿದ ಪೆಟ್ಟು ತಗ್ಗಿತು, ಸತ್ತ ಪೆಟ್ಟು ಎದ್ದು ಬಂತು. ಸುತ್ತು ಸಲೀಸಾಗಿ ತಿರುಗಿತು. ಅದರ ಜೊತೆಗೆ ಅಂಗಿಯ ಗುಂಡಿ ಗಿಟಾರಿಗೆ ಉಜ್ಜಿದ್ದೂ ಕೇಳಿತು. ಅವನು ಬಗ್ಗಿ ತಂತಿಗಳ ಹತ್ತಿರ ಬಾಯಿಟ್ಟು "ಹಲೋ" ಎಂದರೆ ಆ ಹಲೋ ಕೂಡ ಟ್ರಂಕ್ ಕಾಲಿನ ಧ್ವನಿಯ ಹಾಗೆ ಸ್ಪೀಕರಿನಿಂದ ಹೊರಬಂತು. ಅಗ್ಗದ ಗಿಟಾರು, ತಂತಿಯ ಕೆಳಗೆ ಸದ್ದು ಹಿಡಿಯುವ ಕಾಯಿಲು ಸಡಿಲವಾಗಿದ್ದದ್ದು ಮೈಕಿನ ಕೆಲಸವನ್ನೂ ಮಾಡುತ್ತಿತ್ತು. ಮಾಮೂಲಿಗೆ ಅದು ಯಾರಿಗೂ ಕೇಳದು. ಈ ಡಬ್ಬಿ ನಿಶ್ಶಬ್ದದಲ್ಲಿ ಇರುವುದನ್ನೆಲ್ಲ ಕೆದಕಿ ಮೇಲೆತ್ತುತ್ತಿತ್ತು. ನಾವಿಬ್ಬರೂ ನಕ್ಕೆವು.

ಆಮೇಲೆ ಅವನು ಸುತ್ತನ್ನು ಬಹಳ ಹೊತ್ತು ಕೇಳಿದ.

"ಎಲ್ಲ ಒಂದೇ ನಮೂನಿ ಆಯ್ತಲ್ಲ ಮಾರಾಯ," ಎಂದ. "ಇದ್ರಲ್ಲಿ ನಾನ್ ಯಾವ್ದು?"

ಅವನು ಹೇಳಿದ್ದು ನಿಜ. ಆ ಮುಟ್ಟಿಯೂ ಮುಟ್ಟದ ಪೆಟ್ಟು ಹೋಗಿತ್ತು. ಆದರೆ ನನಗೆ ಸಿಟ್ಟು ಬಂತು. ಕಣ್ಣು ಉರಿಯುವಷ್ಟು ದಿನ ಸೋಲ್ಡರ್ ಹೊಗೆ ಕುಡಿದವನು ನಾನು.

"ನಿಂಗೆ ಸ್ಟೇಜು ಬೇಕೋ, ಮೆತ್ತನ್ ಪೆಟ್ಟು ಬೇಕೋ? ಒಂದು ಹೇಳು."

"ಸ್ಟೇಜು," ಎಂದ.

ಸಾಗರದ ಮೂರು ನಾಲ್ಕು ಕಾರ್ಯಕ್ರಮ ಗಂಡಾಂತರವಿಲ್ಲದೆ ಕಳೆಯಿತು. ಯಜಮಾನರು ಗಿಟಾರ್ ಈಗ ಬಹಳ ಕ್ಲೀನಾಗಿ ಬರುತ್ತಿದೆ ಎಂದು ಹೊಗಳಿದರು. ಕೀಬೋರ್ಡಿನ ಮಾತು ಮಾತ್ರ ನಿಲ್ಲಲಿಲ್ಲ. ಕ್ಲೀನಾಗಿ ಬಾರಿಸುವುದಕ್ಕೆ ಮಷಿನ್ನೇ ಸಾಕಲ್ಲ ಎಂಬುದು ಅವರ ತಲೆಗೂ ಹೊಳೆದಿತ್ತೋ ಏನೋ.

ಆಮೇಲೆ ತೀರ್ಥಹಳ್ಳಿ. ಊರಿನ ದೊಡ್ಡ ಗೌಡರ ಮನೆಯ ಮದುವೆ, ಬೇಸಿಗೆ, ಕಲ್ಯಾಣ ಮಂಟಪದಲ್ಲಿ ಸಂಜೆಯ ರಿಸೆಪ್ಷನ್ನು. ನಮ್ಮ ವ್ಯಾನು ದಾರಿಯಲ್ಲಿ ಕೆಟ್ಟು ತಲುಪುವುದು ತಡವಾಯಿತು. ಹೊತ್ತು ಇಳಿಯುತ್ತಿತ್ತು. ಅವನು ಗಿಟಾರನ್ನು ನನ್ನ ಕೈಗೆ ಕೊಟ್ಟು ಉಣ್ಣಲು ಓಡಿದ. ಹಾಗಾಗಿ ಅವತ್ತು ಡಬ್ಬಿಯ ಮಟ್ಟವನ್ನು ಹೊಂದಿಸಿದವನು ಗಿಟಾರ್ ಬಾರದ ನಾನು. ಜನ ಆಗಲೇ ತುಂಬಿದ್ದರು, ಫ್ಯಾನುಗಳ ಗದ್ದಲ ಬೇರೆ. ಇಡೀ ರಾಜ್ಯಕ್ಕೆ ಕರೆಂಟು ಹುಟ್ಟಿಸಿ ಕೊಡುವ ನಮ್ಮ ಜಿಲ್ಲೆಯಲ್ಲಿ ವೋಲ್ಟೇಜು ಮಾತ್ರ ಯಾವತ್ತೂ ಇರುತ್ತಿರಲಿಲ್ಲ, ಸ್ಪೀಕರಿನ ಸದ್ದೂ ಕುಗ್ಗಿತ್ತು. ನನ್ನ ತಂತಿಯೆಳೆತ ನನಗೇ ಕೇಳಿಸಲಿಲ್ಲವೆಂದು ಗುಂಡಿಯನ್ನು ತಿರುಗಿಸುತ್ತಲೇ ಹೋದೆ.

ಮೂರನೆಯದೋ ನಾಲ್ಕನೆಯದೋ ಹಾಡು. ಸುತ್ತಿನ ಕೊನೆಯಲ್ಲಿ ಡ್ರಮ್ಸಿಗೆಂದು ಒಂದಿಷ್ಟು ಜಾಗ ಖಾಲಿ ಬಿಡುವುದು ನಮ್ಮ ಕ್ರಮ. ಅವನು ಸುತ್ತು ಬಾರಿಸಿದ. ಕೊನೆಯ ಪೆಟ್ಟಿಗೆ ಬೆರಳು ಬಿಗಿದುಕೊಂಡವು. ತಲೆಯಾಡಿಸಬೇಕಾದವನು ಗಿಟಾರಿನ ಮೇಲೆ ಬಗ್ಗಿ, ಹಿಂದೆ ಕೂತಿದ್ದ ನನ್ನ ಕಡೆ ಮುಖ ಹೊರಳಿಸಿ, ಆ ಖಾಲಿ ಜಾಗದಲ್ಲಿ "ಆಗಲ್ಲ ಮಾರಾಯ" ಎಂದ. ನನಗೆ ಹೇಳಿದ್ದು. ನಾನು ಗಾಬರಿಯಾಗಿ ಸ್ವಿಚ್ಚು ಒತ್ತುವಷ್ಟರಲ್ಲಿ ಅದು ಟೇಪಿಗೆ ಹೋಗಿಯಾಗಿತ್ತು. ಡ್ರಮ್ಸಿನವನು ಮಷಿನ್ನಿನ ಮೇಲಿನ ಮುನಿಸಿಗೆ ತನ್ನ ಜಾಗವನ್ನು ಬಾರಿಸದೆ ಬಿಟ್ಟಿದ್ದ.

ಸುತ್ತು ತಿರುಗಿತು. ಛಕ್ಕ ಛಕ್ಕ ಎಂದು ಗಿಟಾರು, ಆಮೇಲೆ ಆ ನಿಶ್ಶಬ್ದ, ಆ ನಿಶ್ಶಬ್ದದಲ್ಲಿ ಇಡೀ ಮಂಟಪಕ್ಕೆ ಕೇಳುವ ಹಾಗೆ "ಆಗಲ್ಲ ಮಾರಾಯ." ಮತ್ತೆ ಗಿಟಾರು, ಮತ್ತೆ "ಆಗಲ್ಲ ಮಾರಾಯ."

ಅವನ ಗುಟ್ಟನ್ನು ಅವನ ಬಾಯಿಂದಲೇ ಸ್ಪೀಕರಿನಲ್ಲಿ ಸಾರಿಸುತ್ತಿದ್ದೆ. ಸ್ವಿಚ್ಚು ಒತ್ತಬೇಕು ಎನ್ನುವಷ್ಟರಲ್ಲಿ ಮದುಮಗನ ಸ್ನೇಹಿತರ ಗುಂಪಿನಿಂದ ಭಾರಿ ನಗು ಎದ್ದಿತು. ಅವರು ಅದನ್ನು ಮದುಮಗನ ಪರವಾಗಿ ಹೇಳಿದ ಮಾತು ಎಂದುಕೊಂಡಿದ್ದರು. ಮದುಮಗ ನಾಚಿದ. ಮದುಮಗಳು ಸೆರಗು ಬಾಯಿಗೆ ಹಿಡಿದುಕೊಂಡಳು. ಯಜಮಾನರು ಘಾಟಿ ಮನುಷ್ಯ, ಒಂದು ಸುತ್ತು ಕಾದು, ಆ ಮಾತಿನ ಹಿಂದೆಯೇ ರಾಗವಾಗಿ "ಆಗತ್ತೆ ಮಾರಾಯ" ಎಂದು ಸೇರಿಸಿದರು. ಚಪ್ಪಾಳೆ ನಿಲ್ಲಲೇ ಇಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನಿಜ ಹೇಳಿದ್ರೆ ಚಪ್ಪಾಳೆ ಹೊಡೀತಾರೆ ಅಂತ ಗೊತ್ತೇ ಇರ್ಲಿಲ್ಲ ನೋಡು," ಎಂದು ನನ್ನ ಕಿವಿಯಲ್ಲಿ ಹೇಳಿದ. ನಾನೂ ನಕ್ಕೆ.

ಅಲ್ಲಿಂದ ಅದೇ ಒಂದು ಐಟಮ್ಮಾಯಿತು. ಮದುವೆ ಮನೆಯವರು ಬುಕ್ ಮಾಡುವಾಗಲೇ "ಆ ಆಗಲ್ಲ ಮಾರಾಯ ಇದೆಯಲ್ಲ, ಅದು ಇರ್ಬೇಕು" ಎನ್ನುತ್ತಿದ್ದರು. ಯಜಮಾನರು ಕೀಬೋರ್ಡಿನ ಮಾತು ಬಿಟ್ಟರು. "ಕೀಬೋರ್ಡು ಆಗಲ್ಲ ಮಾರಾಯ ಅನ್ನತ್ತೇನ್ರೀ?" ಎಂದು ನನ್ನನ್ನೇ ಕೇಳಿದರು, ಕೀಬೋರ್ಡ್ ತರಬೇಕು ಎಂದವನು ನಾನು ಎನ್ನುವ ಹಾಗೆ. ಯಾವ ಮಾತು ಗೊತ್ತಾದರೆ ಅವನ ಜಾಗ ಹೋಗುತ್ತಿತ್ತೋ ಆ ಮಾತಿನಿಂದಲೇ ಅವನ ಜಾಗ ಗಟ್ಟಿಯಾಯಿತು.

ಜಾಗ ಗಟ್ಟಿಯಾಯಿತು, ಕೈ ಆಗಲಿಲ್ಲ. ಮುಚ್ಚಳದ ತೂತಿನಲ್ಲಿ ನನಗೆ ಅದು ಕಾಣುತ್ತಿತ್ತು. ಮೊದಮೊದಲು ಆಗೊಮ್ಮೆ ಈಗೊಮ್ಮೆ ಹೊತ್ತುತ್ತಿದ್ದ ಕೆಂಪು ದೀಪ ಈಗ ಸುತ್ತಿನ ಉದ್ದಕ್ಕೂ ಹೊತ್ತಿಕೊಂಡೇ ಇರುತ್ತಿತ್ತು, ಅಷ್ಟು ಪೆಟ್ಟುಗಳು ಗುಡುಗುತ್ತಿದ್ದವು. ಸ್ಪೀಕರಿನಲ್ಲಿ ಎಲ್ಲ ಸರಿಯಾಗಿತ್ತು. ನಾನು ದೀಪ ನೋಡುತ್ತಿದ್ದೆ, ಜನ ಆ ಮಾತಿಗೆ ಕಾಯುತ್ತಿದ್ದರು. ಪ್ರತಿ ಸಲ ಅವನು ಬಗ್ಗಿ ಅದನ್ನು ಹೇಳುವಾಗ ನನ್ನ ಮುಖ ನೋಡಿಯೇ ಹೇಳುತ್ತಿದ್ದ. ತಮಾಷೆಗೆ ಹೇಳಬೇಕಾದದ್ದನ್ನು ಅವನು ಒಂದು ಸಲವೂ ತಮಾಷೆಯಾಗಿ ಹೇಳಲಿಲ್ಲ. ಜನಕ್ಕೆ ಅದೇ ಇನ್ನೂ ತಮಾಷೆಯಾಗಿ ಕೇಳುತ್ತಿತ್ತು. ನನಗೆ ಬೇಜಾರಾಗುತ್ತಿತ್ತು. ಹೇಳಿಕೊಳ್ಳುವುದು ಯಾರ ಹತ್ತಿರ?

ಆ ಮಾತು ಹ್ಯಾಗೋ ಹೊಸನಗರದ ಪೇಟೆಗೂ ಬಂತು. ಅಂಗಡಿಗೆ ಬಂದವರು ಬಟ್ಟೆ ಆರಿಸಿ, ಬೇಗ ಕತ್ತರಿಸಿಕೊಡು ಎನ್ನುವ ಬದಲು "ಎಂತ, ಆಗಲ್ವಾ ಮಾರಾಯ?" ಎಂದು ನಗುತ್ತಿದ್ದರು. ಅಷ್ಟರಲ್ಲಿ ಅವನ ತಾಯಿ ಅಂಗಡಿಯಲ್ಲಿ ಬಂದು ಕೂರಲು ಶುರುಮಾಡಿದ್ದರು. ಯಾಕಮ್ಮ ಎಂದು ಕೇಳಿದರೆ, "ಅವ್ನು ಅಳೀಲಿ, ನಾನ್ ಕತ್ರಿಸ್ತೀನಿ. ಮನೇಲಿ ಹೊತ್ತು ಹೋಗ್ಬೇಕಲ್ಲ ನಂಗೂ," ಎನ್ನುತ್ತಿದ್ದರು. ಅಚ್ಚುಕಟ್ಟಾಗಿ ಕತ್ತರಿಸುತ್ತಿದ್ದರು. ಮಗನನ್ನು ಏನೂ ಕೇಳುತ್ತಿರಲಿಲ್ಲ. ನಾವಿಬ್ಬರೂ ಅದನ್ನು ನಂಬಿದೆವು, ಅವರಿಗೆ ಹೊತ್ತು ಹೋಗುತ್ತಿಲ್ಲ ಎಂದೇ ತಿಳಿದೆವು.

ಆ ವರ್ಷದ ಗಣಪತಿಗೆ ಹೊಸನಗರದಲ್ಲೇ ಕಾರ್ಯಕ್ರಮ ಬಂತು. ಪೇಟೆಯ ಪೆಂಡಾಲು, ಅವನ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರ. ಮಳೆ ಬಿಟ್ಟಿತ್ತು. ಬೇರೆ ಕಡೆಗೆಲ್ಲ ಬಾರದ ತಾಯಿ ಅವತ್ತು ಮುಂದಿನ ಸಾಲಿನಲ್ಲಿ ಹೆಂಗಸರ ಜೊತೆ ಬಂದು ಕೂತರು, ಮಡಿಲಲ್ಲಿ ಬುತ್ತಿ. ಹೊತ್ತು ಮುಳುಗುವ ಮುಂಚೆ ಮನೆಗೆ ಬಂದು ಉಂಡು ಹೋಗುತ್ತಾನೆ ಎಂದು ಕಾದು, ಬಾರದ್ದಕ್ಕೆ ತಂದಿದ್ದರು. ಅವನು ಬುತ್ತಿ ತೆಗೆದುಕೊಳ್ಳಲು ಕೆಳಗಿಳಿಯಲಿಲ್ಲ. ಸ್ಟೇಜಿನ ಹಿಂದೆ ಕೂತು ಬಲಗೈಯನ್ನು ಎಡಗೈಯಿಂದ ತಿಕ್ಕುತ್ತಿದ್ದ.

ಆ ಐಟಮ್ಮಿನ ಹೊತ್ತಿಗೆ ನನ್ನ ಹತ್ತಿರ ಬಂದು, "ಇವತ್ತು ಡಬ್ಬಿ ಬೇಡ," ಎಂದ.

"ತಲೆ ನೆಟ್ಟಗಿದೆಯಾ ನಿಂಗೆ? ಊರೆದುರು ಮರ್ಯಾದೆ ಹೋಗತ್ತೆ."

"ಹೋಗ್ಲಿ. ನಮ್ಮೂರಲ್ಲಿ ಒಂದ್ಸಲ ನನ್ ಕೈದೇ ಕೇಳ್ಲಿ."

ವಾದ ಮಾಡಲು ಸಮಯವಿರಲಿಲ್ಲ. ಡಬ್ಬಿಯ ವೈರು ಕಳಚಿ ಗಿಟಾರನ್ನು ನೇರ ಟೇಪಿಗೆ ಕೊಟ್ಟೆ.

ಅವನು ಸುತ್ತು ಬಾರಿಸಿದ. ಒಂದು ಪೆಟ್ಟು ಗುಡುಗಿತು, ಒಂದು ತಪ್ಪಿತು, ಇನ್ನೊಂದು ತಂತಿಗೆ ಸಿಕ್ಕಿಕೊಂಡಿತು. ನಡುವೆ ಒಂದೇ ಒಂದು ಸಲ ಆ ಹಳೆಯ ಪೆಟ್ಟು ಬಂತು, ಮುಟ್ಟಿಯೂ ಮುಟ್ಟದ್ದು. ಅದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಕೊನೆಯ ಖಾಲಿ ಜಾಗದಲ್ಲಿ ಅವನು ಎಂದಿನಂತೆ ಬಗ್ಗಿ, ನನ್ನ ಮುಖ ನೋಡಿ, "ಆಗಲ್ಲ ಮಾರಾಯ," ಎಂದ. ನಾನು ಸ್ವಿಚ್ಚು ಒತ್ತಿದೆ.

ಡಬ್ಬಿ ಇರಲಿಲ್ಲವಲ್ಲ, ಮಾತು ಟೇಪಿಗೆ ಹೋಗಿರಲಿಲ್ಲ. ಕೇಳಿದ್ದು ನನಗೊಬ್ಬನಿಗೆ. ಸುತ್ತು ತಿರುಗಿತು, ಅಂಕುಡೊಂಕಿನ ಪೆಟ್ಟುಗಳು ಬಂದವು, ಖಾಲಿ ಜಾಗ ಖಾಲಿಯಾಗಿಯೇ ಬಂತು. ಯಜಮಾನರು ಇಲ್ಲದ ಮಾತಿಗೆ "ಆಗತ್ತೆ ಮಾರಾಯ" ಎಂದು ಹಾಡಿ ಕಕ್ಕಾಬಿಕ್ಕಿಯಾದರು. ಅವನು ಗಿಟಾರಿನ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆದು, ಗಿಟಾರನ್ನು ಪೆಂಡಾಲಿನ ಕಂಬಕ್ಕೆ ಒರಗಿಸಿ, ಕುರ್ಚಿಯ ಮೇಲೆ ಕೂತ. ಬಾರಿಸುವ ಹಾಗೆ ಕೈಯಾಡಿಸಲೂ ಇಲ್ಲ.

ಮುಂದಿನ ಸುತ್ತಿನ ಖಾಲಿ ಜಾಗವನ್ನು ಜನರೇ ತುಂಬಿದರು. ಹಿಂದಿನ ಸಾಲಿನಿಂದ ಯಾರೋ "ಆಗಲ್ಲ ಮಾರಾಯ" ಎಂದು ಕೂಗಿದರು. ಅದರ ಮುಂದಿನ ಸುತ್ತಿಗೆ ಇಡೀ ಪೆಂಡಾಲು ಕೂಗಿತು. ಅವನ ಗಿರಾಕಿಗಳು, ಅಕ್ಕಪಕ್ಕದ ಅಂಗಡಿಯವರು, ಅವನ ಜೊತೆ ಶಾಲೆಗೆ ಹೋದವರು, ಎಲ್ಲರೂ ನಕ್ಕುಕೊಂಡು, ಚಪ್ಪಾಳೆ ತಟ್ಟಿಕೊಂಡು. ಅವನು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತು ಕೇಳುತ್ತಿದ್ದ. ನಗದಿದ್ದವರು ಅವನ ತಾಯಿ ಒಬ್ಬರೇ. ಅವರು ಸ್ಟೇಜಿನ ಮೇಲಿನ ಯಾರನ್ನೂ ನೋಡುತ್ತಿರಲಿಲ್ಲ, ಮೊಣಕಾಲ ಮೇಲೆ ಮುಷ್ಟಿ ಕಟ್ಟಿಕೊಂಡಿದ್ದ ಆ ಕೈಯನ್ನು ನೋಡುತ್ತಿದ್ದರು. ಅವನಿಗೂ ಅದು ಕಂಡಿತು. ನನ್ನ ಕಡೆ ಗಲ್ಲ ಎತ್ತಿ ಸಾಕು ಎಂದ. ಒತ್ತಿದರೆ ಆ ಒಂದು ಪೆಟ್ಟೂ ಅಳಿಸಿಹೋಗುತ್ತದೆ ಎಂದು ನನ್ನ ಕಾಲು ಹಿಂದೆಗೆಯಿತು. ಅವನು ಮತ್ತೆ ಗಲ್ಲ ಎತ್ತಿದ. ಒತ್ತಿದೆ.

ಮುಂದಿನ ಹಾಡು ಶುರುವಾಗುವ ಮೊದಲೇ ತಾಯಿ ಸ್ಟೇಜಿನ ಪಕ್ಕಕ್ಕೆ ಬಂದರು, ಅವನು ಎದ್ದು ಕೆಳಗಿಳಿದ. ಬುತ್ತಿಯನ್ನು ಸ್ಪೀಕರಿನ ಮೇಲಿಟ್ಟು, ಮಗನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ನಾನು ವೈರಿನ ಹತ್ತಿರ ಬಗ್ಗಿದ್ದೆ, ಅವರು ಹೇಳಿದ್ದು ನನಗೂ ಕೇಳಿತು.

"ಎಷ್ಟ್ ದಿನದಿಂದ ಹೇಳ್ತಿದ್ಯೋ ಮಗ," ಎಂದರು. "ಊರೆಲ್ಲ ನಗ್ತಿತ್ತು. ನಾನೊಬ್ಳೇ ನಂಬಿದ್ದೆ."

ಅವನು ತಾಯಿಯ ಭುಜಕ್ಕೆ ಹಣೆ ಒತ್ತಿ ನಿಂತ. ಹೊತ್ತು ಮುಳುಗಿ ಆಗಿತ್ತು, ಬುತ್ತಿ ಸ್ಪೀಕರಿನ ಮೇಲೆ ಹಾಗೇ ಇತ್ತು. ಕಾರ್ಯಕ್ರಮ ಮುಗಿದ ಮೇಲೆ ಉಳಿದವರು ಊಟಕ್ಕೆ ಹೋದರು. ಅವತ್ತು ವೈರುಗಳನ್ನು ನಾನೇ ಸುತ್ತಿದೆ.